ಆಲಿಮ್ ಕೋರ್ಸ್‌ಗೆ ಡಿಗ್ರಿ ಬಿಡಬೇಕಾ?

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಇದನ್ನು ಬಿಟ್ಟು ಆಲಿಮ್ (ಇಸ್ಲಾಮಿ ವಿದ್ವಾಂಸ) ಕೋರ್ಸ್ ಸೇರುವ ಆಸೆ. ಅಪ್ಪ, ಅಮ್ಮ ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಡಿಗ್ರಿ ಅರ್ಧಕ್ಕೆ ಬಿಡಬೇಡಿ. ನಮಾಜ್, ಉಪವಾಸ, ಹಲಾಲ್-ಹರಾಮ್ ಇವುಗಳ ಅಗತ್ಯದಷ್ಟು ತಿಳಿವಳಿಕೆ ಪ್ರತಿ ಮುಸ್ಲಿಮನಿಗೂ ಫರ್ಜ್ (ಕಡ್ಡಾಯ), ಅದನ್ನು ಈಗಲೇ ಕಲಿಯಿರಿ. ಆಲಿಮ್ ಆಗುವುದು ಫರ್ಜ್ ಕಿಫಾಯ, ಅಂದರೆ ಸಮುದಾಯದಲ್ಲಿ ಸಾಕಷ್ಟು ಜನ ಮಾಡಿದರೆ ಉಳಿದವರ ಮೇಲೆ ಹೊಣೆ ಇರುವುದಿಲ್ಲ. ದೊಡ್ಡ ಧಾರ್ಮಿಕ ವಿದ್ವಾಂಸರಾದ ಇಮಾಮ್ ಅಬೂ ಹನೀಫಾ ರೇಷ್ಮೆ ವ್ಯಾಪಾರಿಯೂ ಆಗಿದ್ದರು, ಇಬ್ನ್ ರುಶ್ದ್ (1126–1198) ಖಾಜಿಯೂ (ನ್ಯಾಯಾಧೀಶ) ಹೌದು, ವೈದ್ಯರೂ ಹೌದು. ಎರಡೂ ಒಟ್ಟಿಗೆ ಸಾಗಿವೆ, ಅಲ್ವಾ?

ಕುರ್‌ಆನ್ 17:23 ಅಲ್ಲಾಹನನ್ನು ಮಾತ್ರ ಆರಾಧಿಸಿ ಎಂದ ಬೆನ್ನಲ್ಲೇ ತಂದೆತಾಯಿಯ ಜೊತೆ ಒಳ್ಳೆಯದಾಗಿ ನಡೆದುಕೊಳ್ಳಿ, ಅವರಿಗೆ ‘ಛೆ’ ಅಂತಲೂ ಅನ್ನಬೇಡಿ ಎನ್ನುತ್ತದೆ. ಹಾಗಂತ ಆಸೆ ನುಂಗಿಕೊಳ್ಳಿ ಎಂದಲ್ಲ! ಬಹಳಷ್ಟು ತಂದೆತಾಯಿಗೆ ದೀನಿನ (ಧರ್ಮದ) ಮೇಲೆ ಸಿಟ್ಟಿರುವುದಿಲ್ಲ, ಮಗ ನಾಳೆ ಹೇಗೆ ಬದುಕುತ್ತಾನೆ ಅನ್ನುವ ಭಯವೇ ಜಾಸ್ತಿ. ಆ ಭಯಕ್ಕೆ ಉತ್ತರ ಕೊಡಿ. ಫಜರ್ (ಮುಂಜಾನೆಯ ನಮಾಜ್) ಆದ ಮೇಲೆ ಒಳ್ಳೆಯ ಉಸ್ತಾದರ ಬಳಿ ತಜ್‌ವೀದ್ (ಕುರ್‌ಆನ್ ಸರಿಯಾಗಿ ಉಚ್ಚರಿಸಿ ಓದುವ ನಿಯಮ), ಅರಬಿ ವ್ಯಾಕರಣ ಶುರು ಮಾಡಿ. ಅರಬಿ ಗಟ್ಟಿಯಾದರೆ ಮುಂದಿನ ಓದು ಅರ್ಧ ಹಗುರ. ಪರೀಕ್ಷೆಯ ಸಮಯದಲ್ಲಿ ಪಾಠ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಡಿಗ್ರಿ ಮುಗಿದ ಮೇಲೂ ಇದೇ ಹಂಬಲ ಇದ್ದರೆ ಖರ್ಚಿನ ಲೆಕ್ಕ ಹಿಡಿದು ಅವರ ಮುಂದೆ ಕೂತು ಮಾತಾಡಿ.