ಚಾಕಣದ ಟ್ರಯಂಫ್ ತಗೊಳ್ಳಬಹುದಾ?

ಇಂಗ್ಲೆಂಡಿನ ಬೈಕ್ ಕಂಪನಿ ಟ್ರಯಂಫ್‌ನ ಸ್ಪೀಡ್ 400 ಬೈಕ್ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುತ್ತದೆ ಅಂದ ಮೇಲೆ ಅದು ನಿಜವಾದ ಟ್ರಯಂಫಾ, ಇದರಿಂದ ಇಂಗ್ಲೆಂಡಿನವರ ಕೆಲಸ ಹೋಯಿತಾ ಅಂತ ಕೇಳಿದ್ದೀರಿ.

ಮೊದಲು ಗಾಡಿ ವಿಷಯ. ಇದರ ವಿನ್ಯಾಸ ಇಂಗ್ಲೆಂಡಿನ ಹಿಂಕ್ಲಿಯದ್ದು (ಟ್ರಯಂಫ್‌ನ ಮುಖ್ಯ ಕಚೇರಿ ಇರುವ ಊರು), ತಯಾರಿಸುವುದು ಬಜಾಜ್. 2023ರಲ್ಲಿ ಬಂದಾಗ ಎಕ್ಸ್-ಶೋರೂಂ ಬೆಲೆ 2.33 ಲಕ್ಷ ಇತ್ತು. ಆಗ ಹೊರಗಿನಿಂದ ಪೂರ್ತಿ ಜೋಡಿಸಿ ತರುವ ಬೈಕಿಗೆ ಶೇ 50ರಷ್ಟು ಸುಂಕ. ಇಂಗ್ಲೆಂಡಿನಿಂದಲೇ ತರಿಸಿದ್ದರೆ ಈ ಬೆಲೆಗೆ ಸಿಗುತ್ತಿತ್ತಾ? ಸಾಧ್ಯವೇ ಇರಲಿಲ್ಲ. ಊರಿನ ಹೆಸರು ನೋಡಿ ಗುಣಮಟ್ಟ ಅಳೆಯಬೇಡಿ. ಟ್ರಯಂಫ್‌ನ ದೊಡ್ಡ ಗಾಡಿಗಳೂ ಎಷ್ಟೋ ವರ್ಷಗಳಿಂದ ಥಾಯ್ಲೆಂಡಿನ ಚೋನ್‌ಬುರಿಯಲ್ಲೇ ತಯಾರಾಗುತ್ತಿವೆ.

ಇನ್ನು ಕೆಲಸದ ಪ್ರಶ್ನೆ. ಅದಕ್ಕೂ ಚಾಕಣಕ್ಕೂ ನೇರ ಸಂಬಂಧ ಇಲ್ಲ. 400 ಸಿಸಿ ಗಾಡಿ ಹಿಂಕ್ಲಿಯಲ್ಲಿ ತಯಾರಾಗುತ್ತಲೇ ಇರಲಿಲ್ಲ. ಅಲ್ಲಿಗೆ ಪೆಟ್ಟು ಬಿದ್ದದ್ದು 2020ರಲ್ಲಿ. ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗುವ ಗಾಡಿಗಳ ತಯಾರಿಕೆಯನ್ನು ಥಾಯ್ಲೆಂಡಿಗೆ ಒಯ್ಯುತ್ತೇವೆ, ಹಿಂಕ್ಲಿಯಲ್ಲಿ ಸುಮಾರು 50 ಜನರ ಕೆಲಸಕ್ಕೆ ತೊಂದರೆ ಆಗಬಹುದು ಅಂತ ಕಂಪನಿ ಹೇಳಿತು. ವಿನ್ಯಾಸ, ಸಂಶೋಧನೆ ಅಲ್ಲೇ ಉಳಿದವು. ಸಂಖ್ಯೆ ಚಿಕ್ಕದು ಅನ್ನಿಸಬಹುದು. ಆದರೆ ವರ್ಷಗಟ್ಟಲೆ ಎಂಜಿನ್ ಜೋಡಿಸಿದ ಕೈಗಳಿಗೆ ವಿನ್ಯಾಸದ ಮೇಜಿನಲ್ಲಿ ಜಾಗ ಸಿಗುವುದಿಲ್ಲ, ಅಲ್ವಾ? ನನಗೆ ಅದು ನೋವಿನ ಸಂಗತಿಯೇ.

ನೀವು ಗಾಡಿ ತಗೊಳ್ಳಿ, ಸಂಕೋಚ ಬೇಡ. ಆದರೆ ಬುಕ್ ಮಾಡುವ ಮೊದಲು ಸರ್ವಿಸ್ ಸೆಂಟರ್ ಎಷ್ಟು ದೂರ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಅಂತ ಅಲ್ಲಿ ನಿಂತಿರುವ ಗಿರಾಕಿಗಳನ್ನೇ ಕೇಳಿ. ನಮ್ಮಲ್ಲಿ ರೋಡ್ ಟ್ಯಾಕ್ಸ್ ಜಾಸ್ತಿ, ಆನ್-ರೋಡ್ ಬೆಲೆ ಬರೆಸಿಕೊಳ್ಳಿ.