ಹಳೆಯ ಕಾನ್ಫಿಗ್ ಕಡತವನ್ನು ಹೊಸ ಲಿನಕ್ಸ್ ಕರ್ನಲ್‌ಗೆ ಬಳಸಬಹುದೇ?

ಬಳಸಬಹುದು, ಬಳಸುವುದೇ ಒಳ್ಳೆಯದು. ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಆಕರದಿಂದ (ಸೋರ್ಸ್ ಕೋಡ್) ನಾವೇ ಕಂಪೈಲ್ ಮಾಡುವಾಗ, ಅದರಲ್ಲಿ ಏನೇನು ಇರಬೇಕೆಂದು ಹೇಳುವುದು ಈ ಕಾನ್ಫಿಗ್ ಕಡತ. ಈಗ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಕಡತವು ಸಾಮಾನ್ಯವಾಗಿ ಬೂಟ್ ಕೋಶದಲ್ಲಿರುತ್ತದೆ. ಅದನ್ನು ಹೊಸ ಆಕರದ ಕೋಶಕ್ಕೆ 'ಡಾಟ್ ಕಾನ್ಫಿಗ್' ಎಂಬ ಹೆಸರಿನಲ್ಲಿ ನಕಲಿಸಿ 'ಮೇಕ್ ಓಲ್ಡ್‌ಕಾನ್ಫಿಗ್' ಕೊಟ್ಟರೆ, ಹೊಸದಾಗಿ ಸೇರಿರುವ ಆಯ್ಕೆಗಳ ಬಗ್ಗೆ ಮಾತ್ರ ಅದು ಪ್ರಶ್ನೆ ಕೇಳುತ್ತದೆ. ಆವೃತ್ತಿಗಳ ಅಂತರ ದೊಡ್ಡದಾಗಿದ್ದರೆ ಆ ಪ್ರಶ್ನೆಗಳಿಗೆ ಕೊನೆಯೇ ಇಲ್ಲವೆನಿಸುವುದರಿಂದ, ಅವಕ್ಕೆಲ್ಲ ಪೂರ್ವನಿಯೋಜಿತ ಉತ್ತರವನ್ನೇ ತುಂಬುವ 'ಓಲ್ಡ್‌ಡೆಫ್‌ಕಾನ್ಫಿಗ್' ವಾಸಿ.

ಉಬುಂಟುವಿನ ಕಾನ್ಫಿಗ್ ತಂದವರು ಎಡವುವುದು ಬೇರೆ ಕಡೆ. ಅದರಲ್ಲಿ ನಮೂದಾಗಿರುವ ಪ್ರಮಾಣಪತ್ರದ ಕಡತಗಳು ಮೂಲ ಆಕರದಲ್ಲಿ ಇಲ್ಲದಿರುವುದರಿಂದ ಕಂಪೈಲ್ ಅರ್ಧಕ್ಕೇ ನಿಲ್ಲುತ್ತದೆ. 'ಸಿಸ್ಟಮ್ ಟ್ರಸ್ಟೆಡ್ ಕೀಸ್' ಮತ್ತು 'ಸಿಸ್ಟಮ್ ರಿವೊಕೇಶನ್ ಕೀಸ್' ಎಂಬ ಎರಡು ಆಯ್ಕೆಗಳ ಮೌಲ್ಯವನ್ನು ಖಾಲಿ ಬಿಟ್ಟರೆ ಸಾಕು.

ಬೇಗ ಮುಗಿಯಲೆಂದು ಕೆಲವರು 'ಲೋಕಲ್‌ಮಾಡ್‌ಕಾನ್ಫಿಗ್' ಬಳಸುತ್ತಾರೆ. ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ (ಬೇಕಾದಾಗ ಕರ್ನಲ್‌ಗೆ ಸೇರುವ, ಸಾಧನ ಚಾಲಕದಂಥ ಭಾಗಗಳು) ಅದು ಉಳಿಸಿಕೊಳ್ಳುವುದರಿಂದ, ಆಗ ಜೋಡಿಸದಿದ್ದ ಯುಎಸ್‌ಬಿ ಸಾಧನ ಮುಂದೆ ಕೆಲಸ ಮಾಡದೆ ಹೋಗಬಹುದು.

ಮಾಡ್ಯೂಲ್‌ಗಳು ಆವೃತ್ತಿಯ ಹೆಸರಿನ ಪ್ರತ್ಯೇಕ ಕೋಶಕ್ಕೆ ಹೋಗುವುದರಿಂದ ಹಳೆಯ ಕರ್ನಲ್‌ಗೆ ಧಕ್ಕೆಯಿಲ್ಲ. ಆದರೆ ಅದೇ ಆವೃತ್ತಿಯನ್ನು ಮತ್ತೆ ಕಂಪೈಲ್ ಮಾಡುವಾಗ 'ಲೋಕಲ್‌ವರ್ಶನ್' (ಆವೃತ್ತಿಯ ಹೆಸರಿನ ಕೊನೆಗೆ ನಾವು ಸೇರಿಸುವ ಗುರುತು) ಬದಲಿಸದಿದ್ದರೆ ಹಿಂದಿನ ಮಾಡ್ಯೂಲ್‌ಗಳ ಮೇಲೆಯೇ ಹೊಸವು ಬಂದು ಕೂರುತ್ತವೆ. ಹೊಸ ಕರ್ನಲ್ ಸರಿಯಾಗಿ ಬೂಟ್ ಆಗುವವರೆಗೂ ಗ್ರಬ್ ಪಟ್ಟಿಯಲ್ಲಿ (ಬೂಟ್ ಆಗುವಾಗ ಕರ್ನಲ್ ಆರಿಸಿಕೊಳ್ಳುವ ಪಟ್ಟಿ) ಹಳೆಯದನ್ನು ತೆಗೆಯಬೇಡಿ.