ಓದುಗರ ಪ್ರಶ್ನೆ, ನಮ್ಮ ಉತ್ತರ: ವೆಬ್‌ಕ್ಯಾಮ್‌ನಲ್ಲಿ ಚಿತ್ರವಿದೆ, ಧ್ವನಿ ಇಲ್ಲ

ಪ್ರಶ್ನೆ: ಪಾಠದ ವೀಡಿಯೊಗಳನ್ನು ಮಾಡಲೆಂದು ಹೊಸ ವೆಬ್‌ಕ್ಯಾಮ್ ಕೊಂಡು ಓಬಿಎಸ್ ಸ್ಟುಡಿಯೋ ಎಂಬ ವೀಡಿಯೊ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಜೋಡಿಸಿಕೊಂಡಿದ್ದೇನೆ. ಚಿತ್ರ ಸ್ಪಷ್ಟವಾಗಿ ಬರುತ್ತದೆ. ಆದರೆ ರೆಕಾರ್ಡ್ ಆದ ಫೈಲನ್ನು ತೆರೆದರೆ ನನ್ನ ಮಾತು ಸ್ವಲ್ಪವೂ ಕೇಳುವುದಿಲ್ಲ. ಇದೇ ವೆಬ್‌ಕ್ಯಾಮ್‌ನ ಮೈಕ್ ವೀಡಿಯೊ ಕರೆಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ದೋಷ ಎಲ್ಲಿರಬಹುದು?

ಉತ್ತರ: ಕರೆಗಳಲ್ಲಿ ಧ್ವನಿ ಹೋಗುತ್ತಿದೆ ಎಂದಮೇಲೆ ಮೈಕ್ ಕೆಟ್ಟಿಲ್ಲ, ಕೇಬಲ್ಲಿನಲ್ಲೂ ದೋಷವಿಲ್ಲ. ಹೊರನೋಟಕ್ಕೆ ವೆಬ್‌ಕ್ಯಾಮ್ ಒಂದೇ ಉಪಕರಣ, ಅದಕ್ಕಿರುವುದು ಒಂದೇ ಯುಎಸ್‌ಬಿ ತಂತಿ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಎರಡು ಉಪಕರಣ. ಕ್ಯಾಮೆರಾ ವೀಡಿಯೊ ಸಾಧನವಾಗಿಯೂ ಮೈಕ್ ಆಡಿಯೊ ಸಾಧನವಾಗಿಯೂ ಬೇರೆಬೇರೆಯಾಗಿ ನೋಂದಾಯಿತವಾಗುತ್ತವೆ. ಓಬಿಎಸ್‌ನಲ್ಲಿ ನೀವು ಸೇರಿಸಿದ ‘ವೀಡಿಯೊ ಕ್ಯಾಪ್ಚರ್ ಡಿವೈಸ್’ ಸಾಮಾನ್ಯವಾಗಿ ಕ್ಯಾಮೆರಾವನ್ನು ಮಾತ್ರ ತರುತ್ತದೆ. ಮೈಕನ್ನು ನೀವೇ ಪ್ರತ್ಯೇಕವಾಗಿ ತರಬೇಕು. ಈ ವಿಭಾಗಕ್ಕೆ ಬರುವ ವೆಬ್‌ಕ್ಯಾಮ್ ದೂರುಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿ ತಿಳಿಯದಿರುವುದರಿಂದಲೇ ಹುಟ್ಟುತ್ತವೆ.

ಹಾಗಾಗಿ ಮೊದಲು ಸೆಟ್ಟಿಂಗ್ಸ್ ತೆರೆದು ‘ಆಡಿಯೊ’ ಪುಟದಲ್ಲಿ ‘ಮೈಕ್/ಆಕ್ಸಿಲಿಯರಿ ಆಡಿಯೊ’ ಎಂಬ ಸಾಲನ್ನು ನೋಡಿ. ಅಲ್ಲಿ ‘ಡಿಫಾಲ್ಟ್’ ಎಂದಿದ್ದರೆ ಅದನ್ನು ಬದಲಾಯಿಸಿ, ಪಟ್ಟಿಯಲ್ಲಿ ನಿಮ್ಮ ವೆಬ್‌ಕ್ಯಾಮ್‌ನ ಹೆಸರಿರುವ ಮೈಕನ್ನೇ ಆರಿಸಿ. ‘ಡಿಫಾಲ್ಟ್’ ಎಂದರೆ ಆ ಹೊತ್ತಿಗೆ ಕಂಪ್ಯೂಟರ್ ಯಾವ ಮೈಕನ್ನು ಮುಖ್ಯವೆಂದು ಎಣಿಸಿದೆಯೋ ಅದು. ಲ್ಯಾಪ್‌ಟಾಪಿನ ಒಳಗಿನ ಮೈಕ್ ಇರಬಹುದು, ನೀವು ಹೆಡ್‌ಸೆಟ್ ಸಿಕ್ಕಿಸಿದ ಕೂಡಲೇ ಅದು ಹೆಡ್‌ಸೆಟ್ಟಿಗೆ ಬದಲಾಗಲೂಬಹುದು. ರೆಕಾರ್ಡಿಂಗ್ ಮಾಡುವವರು ಈ ಆಯ್ಕೆಯನ್ನು ಎಂದೂ ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಾದ ಮೇಲೆ ಬೇರೆ ಯಾವ ಗುಂಡಿಯನ್ನೂ ಒತ್ತದೆ, ಎಂದಿನ ದನಿಯಲ್ಲಿ ಎರಡು ವಾಕ್ಯ ಮಾತಾಡುತ್ತಾ ಪರದೆಯ ಕೆಳಭಾಗದಲ್ಲಿರುವ ‘ಆಡಿಯೊ ಮಿಕ್ಸರ್’ ಪಟ್ಟಿಯನ್ನು ಗಮನಿಸಿ. ಅದರಲ್ಲಿ ಮೈನಸ್ 20 ಡೆಸಿಬೆಲ್‌ವರೆಗೆ ಹಸಿರು, ಅಲ್ಲಿಂದ ಮೈನಸ್ 9ರವರೆಗೆ ಹಳದಿ, ಅದರಾಚೆ ಕೆಂಪು. ನೀವು ಒತ್ತಿ ಹೇಳಿದ ಪದಗಳಿಗೆ ಪಟ್ಟಿ ಹಳದಿಯನ್ನು ಮುಟ್ಟಿ ಇಳಿಯುತ್ತಿದ್ದರೆ ಮಟ್ಟ ಸರಿಯಾಗಿದೆ. ಪಟ್ಟಿ ಅಲುಗಾಡದಿದ್ದರೆ ಧ್ವನಿ ಓಬಿಎಸ್‌ವರೆಗೆ ಬರುತ್ತಲೇ ಇಲ್ಲ. ಅಲುಗಾಡಿಯೂ ಫೈಲಿನಲ್ಲಿ ಮೌನವಿದ್ದರೆ ಧ್ವನಿ ಬಂದ ಮೇಲೆ ಒಳಗೆಲ್ಲೋ ತಡೆದಿದೆ. ಈ ಎರಡನ್ನು ಬೇರ್ಪಡಿಸದೆ ಡ್ರೈವರ್ ತೆಗೆಯುವುದು, ತಂತ್ರಾಂಶವನ್ನೇ ಮತ್ತೆ ಹಾಕುವುದು ಮುಂತಾದವಕ್ಕೆ ಕೈಹಾಕಿದರೆ ಸಮಯ ವ್ಯರ್ಥವಾಗುವುದಷ್ಟೇ ಅಲ್ಲ, ಸರಿಯಿದ್ದ ಜೋಡಣೆಯೂ ಕೆಡುತ್ತದೆ.

ಪಟ್ಟಿ ಅಲುಗಾಡದಿದ್ದಾಗ ಅನುಮತಿಯನ್ನು ಪರಿಶೀಲಿಸಿ. ವಿಂಡೋಸ್ 11ರಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ವಿಭಾಗದ ‘ಮೈಕ್ರೊಫೋನ್’ ಪುಟದಲ್ಲಿ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಮೈಕ್ ಬಳಸಲು ಬಿಡುವ ಗುಂಡಿ ಪ್ರತ್ಯೇಕವಾಗಿದೆ. ಅದು ಚಾಲೂ ಇರಬೇಕು. ಮ್ಯಾಕ್‌ನಲ್ಲಿ ಅನುಮತಿಯನ್ನು ಒಂದೊಂದು ತಂತ್ರಾಂಶಕ್ಕೂ ಬೇರೆಬೇರೆಯಾಗಿ ಕೊಡಬೇಕಾಗುತ್ತದೆ. ಕರೆ ಮಾಡುವ ತಂತ್ರಾಂಶಕ್ಕೆ ಅನುಮತಿ ಇದ್ದು ಓಬಿಎಸ್‌ಗೆ ಇಲ್ಲದಿದ್ದರೆ ನೀವು ವಿವರಿಸಿದಂತೆಯೇ ಆಗುತ್ತದೆ. ಅನುಮತಿ ಕೊಟ್ಟ ಮೇಲೆ ಓಬಿಎಸ್ ಅನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಪಟ್ಟಿ ಅಲುಗಾಡಿಯೂ ಫೈಲಿನಲ್ಲಿ ಮಾತಿಲ್ಲದಿದ್ದರೆ ‘ಅಡ್ವಾನ್ಸ್‌ಡ್ ಆಡಿಯೊ ಪ್ರಾಪರ್ಟೀಸ್’ ತೆರೆಯಿರಿ. ‘ಆಡಿಯೊ ಮಾನಿಟರಿಂಗ್’ ಅಂಕಣದಲ್ಲಿ ‘ಮಾನಿಟರ್ ಓನ್ಲಿ’ ಎಂದಿದ್ದರೆ ಧ್ವನಿ ನಿಮ್ಮ ಹೆಡ್‌ಫೋನಿಗೆ ಮಾತ್ರ ಹೋಗುತ್ತದೆ, ರೆಕಾರ್ಡಿಂಗಿಗೆ ಹೋಗುವುದಿಲ್ಲ. ತಮ್ಮ ದನಿ ತಮಗೆ ಕೇಳುತ್ತಿರುವುದರಿಂದ ಎಲ್ಲವೂ ಸರಿಯಿದೆ ಎಂದು ನಂಬಿ ಇಡೀ ಪಾಠವನ್ನು ಕಳೆದುಕೊಂಡವರಿದ್ದಾರೆ. ಆ ಶ್ರಮ ಹಾಳಾಗುವುದನ್ನು ನೋಡಿದರೆ ಬೇಸರವಾಗುತ್ತದೆ. ಅದೇ ಕಿಟಕಿಯ ಬಲತುದಿಯಲ್ಲಿ 1ರಿಂದ 6ರವರೆಗೆ ಟ್ರ್ಯಾಕ್‌ಗಳ ಚೌಕಗಳಿವೆ. ಟ್ರ್ಯಾಕ್ ಎಂದರೆ ಫೈಲಿನಲ್ಲಿ ಪ್ರತ್ಯೇಕವಾಗಿ ಉಳಿಯುವ ಧ್ವನಿಯ ಪದರ. ಮೈಕಿಗೆ 2ನೇ ಚೌಕ ಮಾತ್ರ ಗುರುತಾಗಿದ್ದು ರೆಕಾರ್ಡಿಂಗ್ 1ನೇ ಟ್ರ್ಯಾಕನ್ನು ಮಾತ್ರ ಬರೆಯುತ್ತಿದ್ದರೆ ಮಾತು ಫೈಲಿಗೆ ಸೇರುವುದೇ ಇಲ್ಲ. ಎರಡನ್ನೂ ಬರೆಯುತ್ತಿದ್ದರೂ ಅನೇಕ ಪ್ಲೇಯರ್‌ಗಳು ಮೊದಲ ಟ್ರ್ಯಾಕನ್ನಷ್ಟೇ ನುಡಿಸುತ್ತವೆ. ಮೈಕಿಗೆ 1ನೇ ಚೌಕವನ್ನು ಗುರುತಿಸಿದರೆ ಸಾಕು.

ಪ್ರಶ್ನೆ: ನನ್ನ ವೀಡಿಯೊಗಳಲ್ಲಿ ಮಾತು ಮೊದಲು ಕೇಳಿಸುತ್ತದೆ, ತುಟಿ ಆಮೇಲೆ ಅಲುಗಾಡುತ್ತದೆ. ಸಂಕಲನದಲ್ಲಿ ಪ್ರತಿ ಸಲವೂ ಕೈಯಿಂದ ಸರಿಪಡಿಸಬೇಕಾಗಿದೆ. ಇದಕ್ಕೆ ಶಾಶ್ವತ ಪರಿಹಾರವಿದೆಯೇ?

ಉತ್ತರ: ಇದೆ. ಆದರೆ ವ್ಯತ್ಯಾಸ ಆರಂಭದಿಂದ ಕೊನೆಯವರೆಗೆ ಒಂದೇ ಅಳತೆಯದೋ, ಅಥವಾ ಹೋಗುತ್ತಾ ಹೋಗುತ್ತಾ ಬೆಳೆಯುತ್ತದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಏಕೆಂದರೆ ಇವೆರಡರ ಕಾರಣವೂ ಬೇರೆ, ಮದ್ದೂ ಬೇರೆ. ಅರ್ಧ ಗಂಟೆಯ ರೆಕಾರ್ಡಿಂಗ್ ಮಾಡಿ, ಆರಂಭದಲ್ಲೊಮ್ಮೆ ಮತ್ತು ಕೊನೆಯಲ್ಲೊಮ್ಮೆ ಕ್ಯಾಮೆರಾದ ಮುಂದೆ ಜೋರಾಗಿ ಚಪ್ಪಾಳೆ ತಟ್ಟಿ. ಸಂಕಲನ ತಂತ್ರಾಂಶದಲ್ಲಿ ಆ ಜಾಗವನ್ನು ಹಿಗ್ಗಿಸಿ, ಅಂಗೈಗಳು ಕೂಡುವ ಚೌಕಟ್ಟಿಗೂ (ವೀಡಿಯೊದ ಒಂದು ಬಿಡಿ ಚಿತ್ರ, ಅಂದರೆ ಫ್ರೇಮ್) ಧ್ವನಿಯ ರೇಖೆ ಚೂಪಾಗಿ ಏಳುವ ಜಾಗಕ್ಕೂ ನಡುವೆ ಎಷ್ಟು ಚೌಕಟ್ಟುಗಳಿವೆ ಎಂದು ಎಣಿಸಿ. ಸೆಕೆಂಡಿಗೆ 30 ಚೌಕಟ್ಟುಗಳ ವೀಡಿಯೊದಲ್ಲಿ ಒಂದು ಚೌಕಟ್ಟು ಸುಮಾರು 33 ಮಿಲಿಸೆಕೆಂಡ್. ಧ್ವನಿ 4 ಚೌಕಟ್ಟು ಮುಂದಿದ್ದರೆ ಅದು ಸುಮಾರು 133 ಮಿಲಿಸೆಕೆಂಡ್ ಬೇಗ ಬಂದಿದೆ ಎಂದರ್ಥ.

ಎರಡೂ ಕಡೆ ಎಣಿಕೆ ಒಂದೇ ಆಗಿದ್ದರೆ ಕೆಲಸ ಹಗುರ. ಚಿತ್ರವನ್ನು ಸೆರೆಹಿಡಿದು, ಕುಗ್ಗಿಸಿ, ಕಂಪ್ಯೂಟರಿನಲ್ಲಿ ಮತ್ತೆ ಬಿಡಿಸಲು ಹೊತ್ತು ಬೇಕು. ಧ್ವನಿಗೆ ಇಷ್ಟೆಲ್ಲ ಸಂಸ್ಕರಣೆ ಇಲ್ಲದ ಕಾರಣ ಅದು ಮೊದಲು ಬಂದು ಸೇರುತ್ತದೆ. ಮೇಲೆ ಹೇಳಿದ ‘ಅಡ್ವಾನ್ಸ್‌ಡ್ ಆಡಿಯೊ ಪ್ರಾಪರ್ಟೀಸ್’ ಕಿಟಕಿಯಲ್ಲೇ ಮೈಕಿನ ‘ಸಿಂಕ್ ಆಫ್‌ಸೆಟ್’ ಜಾಗದಲ್ಲಿ 133 ಎಂದು ತುಂಬಿದರೆ ಧ್ವನಿ ಅಷ್ಟು ಹೊತ್ತು ಕಾದು ಚಿತ್ರದೊಂದಿಗೆ ಬರುತ್ತದೆ. ಒಂದು ಎಚ್ಚರಿಕೆ: ಬೆಳಕು ಕಡಿಮೆಯಾದಾಗ ಅನೇಕ ವೆಬ್‌ಕ್ಯಾಮ್‌ಗಳು ಒಂದೊಂದು ಚೌಕಟ್ಟಿಗೂ ಹೆಚ್ಚು ಹೊತ್ತು ಬೆಳಕನ್ನು ಹೀರಿಕೊಳ್ಳುತ್ತವೆ, ಆಗ 30 ಚೌಕಟ್ಟುಗಳು 15ಕ್ಕೆ ಇಳಿಯಬಹುದು, ನಿಮ್ಮ ಅಳತೆಯೂ ತಪ್ಪಬಹುದು. ಆದ್ದರಿಂದ ನಿತ್ಯ ರೆಕಾರ್ಡ್ ಮಾಡುವ ಬೆಳಕಿನಲ್ಲೇ ಚಪ್ಪಾಳೆಯ ಪರೀಕ್ಷೆ ಮಾಡಿ.

ವ್ಯತ್ಯಾಸ ಬೆಳೆಯುತ್ತಾ ಹೋಗುವುದಾದರೆ ಆಫ್‌ಸೆಟ್‌ನಿಂದ ಪ್ರಯೋಜನವಿಲ್ಲ. ಮೈಕಿಗೂ ಕಂಪ್ಯೂಟರಿಗೂ ತಮ್ಮತಮ್ಮದೇ ಗಡಿಯಾರಗಳಿವೆ. ಅವುಗಳ ನಡುವೆ ಹತ್ತು ಲಕ್ಷಕ್ಕೆ ನೂರು ಭಾಗದಷ್ಟು ಅಂತರವಿದ್ದರೂ ಒಂದು ಗಂಟೆಯಲ್ಲಿ 0.36 ಸೆಕೆಂಡ್ ಜಾರುತ್ತದೆ, ಅಂದರೆ ಸುಮಾರು 11 ಚೌಕಟ್ಟು. ಮೊದಲು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಲಾಗುತ್ತದೆ ಎಂಬ ಲೆಕ್ಕ) ಎರಡೂ ಕಡೆ ಒಂದೇ ಇರುವಂತೆ ನೋಡಿಕೊಳ್ಳಿ: ಓಬಿಎಸ್‌ನಲ್ಲಿ 48 ಕಿಲೋಹರ್ಟ್ಸ್ ಇದ್ದರೆ ವಿಂಡೋಸ್‌ನ ಧ್ವನಿ ಸೆಟ್ಟಿಂಗಿನಲ್ಲಿ ಆ ಮೈಕಿಗೂ, ಅದು ಒಪ್ಪುವುದಾದರೆ, 48 ಕಿಲೋಹರ್ಟ್ಸನ್ನೇ ಆರಿಸಿ. ಅದರಿಂದಲೂ ನಿಲ್ಲದಿದ್ದರೆ ಮೈಕ್ ಮೂಲದ ಪ್ರಾಪರ್ಟೀಸ್‌ನಲ್ಲಿ ‘ಯೂಸ್ ಡಿವೈಸ್ ಟೈಮ್‌ಸ್ಟ್ಯಾಂಪ್ಸ್’ ಎಂಬ ಆಯ್ಕೆಯನ್ನು ಈಗಿರುವುದಕ್ಕೆ ವಿರುದ್ಧವಾಗಿ ಬದಲಿಸಿ, ಮತ್ತೆ ಅರ್ಧ ಗಂಟೆಯ ಪರೀಕ್ಷೆ ನಡೆಸಿ.

ಪ್ರಶ್ನೆ: ಹೆಡ್‌ಫೋನಿನಲ್ಲಿ ಕೇಳಿದರೆ ನನ್ನ ಮಾತು ಎಡಗಿವಿಗೆ ಮಾತ್ರ ಬರುತ್ತದೆ. ಅದರ ಜೊತೆಗೆ ದನಿ ಎರಡೆರಡು ಸಲ, ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ.

ಉತ್ತರ: ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳು. ಮೊದಲನೆಯದಕ್ಕೆ ಅದೇ ಕಿಟಕಿಯಲ್ಲಿ ಮೈಕಿನ ಸಾಲಿನಲ್ಲಿರುವ ‘ಮೋನೋ’ ಚೌಕವನ್ನು ಗುರುತಿಸಿ. ಎರಡನೆಯದು, ಒಂದೇ ಮೈಕನ್ನು ಸೆಟ್ಟಿಂಗ್ಸ್‌ನಲ್ಲೊಮ್ಮೆ, ಓಬಿಎಸ್‌ನ ದೃಶ್ಯದಲ್ಲಿ (ಸೀನ್) ‘ಆಡಿಯೊ ಇನ್‌ಪುಟ್ ಕ್ಯಾಪ್ಚರ್’ ಆಗಿ ಮತ್ತೊಮ್ಮೆ ಸೇರಿಸಿದ್ದರಿಂದ ಆಗಿರುವ ಸಾಧ್ಯತೆ ಹೆಚ್ಚು. ಮಿಕ್ಸರಿನಲ್ಲಿ ಎರಡು ಪಟ್ಟಿಗಳು ಒಟ್ಟೊಟ್ಟಿಗೆ ಕುಣಿಯುತ್ತಿದ್ದರೆ ಒಂದನ್ನು ತೆಗೆದುಬಿಡಿ.

ಪ್ರಶ್ನೆ: 1080ಪಿ ಗುಣಮಟ್ಟದಲ್ಲಿ ರೆಕಾರ್ಡ್ ಮಾಡುವಾಗ ಮಾತಿನ ನಡುವೆ ಚಟಪಟ ಸದ್ದು ಬರುತ್ತದೆ, ಕೆಲವೊಮ್ಮೆ ಅಕ್ಷರಗಳೇ ನುಂಗಿಹೋಗುತ್ತವೆ. ವೆಬ್‌ಕ್ಯಾಮ್, ಹಾರ್ಡ್ ಡಿಸ್ಕ್ ಎಲ್ಲವನ್ನೂ ಒಂದೇ ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದ್ದೇನೆ.

ಉತ್ತರ: ನನ್ನ ಮೊದಲ ಅನುಮಾನ ಆ ಹಬ್‌ನ ಮೇಲೆಯೇ. ಯುಎಸ್‌ಬಿ 2.0 ದಾರಿಯ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಸೆಕೆಂಡಿಗೆ 30 ಚೌಕಟ್ಟುಗಳ 1080ಪಿ ಚಿತ್ರವನ್ನು ಕುಗ್ಗಿಸದೆ, ಒಂದು ಬಿಂದುವಿಗೆ 16 ಬಿಟ್‌ನಂತೆ ಕಳುಹಿಸಲು ಸುಮಾರು 995 ಮೆಗಾಬಿಟ್ ಬೇಕು. 720ಪಿ ಚಿತ್ರಕ್ಕೇ ಸುಮಾರು 442 ಮೆಗಾಬಿಟ್. ಹೀಗಾಗಿಯೇ ಈ ದಾರಿಯಲ್ಲಿ 1080ಪಿ ಕಳುಹಿಸುವ ವೆಬ್‌ಕ್ಯಾಮ್‌ಗಳು ಚಿತ್ರವನ್ನು ಎಂಜೆಪೆಗ್ ಮಾದರಿಯಲ್ಲೋ ಎಚ್.264 ಮಾದರಿಯಲ್ಲೋ ಕುಗ್ಗಿಸಿ ಕಳುಹಿಸುತ್ತವೆ. ಅದೇ ಹಬ್‌ನಲ್ಲಿ ಹಾರ್ಡ್ ಡಿಸ್ಕ್ ಕೂಡ ಓಡಾಡುತ್ತಿದ್ದರೆ ಧ್ವನಿಯ ತುಣುಕುಗಳು ಹೊತ್ತಿಗೆ ಸರಿಯಾಗಿ ತಲುಪದೆ ಬಿಟ್ಟುಹೋಗಬಹುದು. ಚಿತ್ರದಲ್ಲಿ ಒಂದು ಚೌಕಟ್ಟು ತಪ್ಪಿದರೆ ಕಣ್ಣು ಕ್ಷಮಿಸುತ್ತದೆ, ಧ್ವನಿಯಲ್ಲಿ ಅಷ್ಟು ಹೊತ್ತು ತಪ್ಪಿದರೆ ಕಿವಿ ಕ್ಷಮಿಸುವುದಿಲ್ಲ.

ವೆಬ್‌ಕ್ಯಾಮನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ನೇರವಾಗಿ ಸಿಕ್ಕಿಸಿ. ಸಿಕ್ಕಿಸುವ ಜಾಗ ಬದಲಾದಾಗ ಅದು ಕೆಲವೊಮ್ಮೆ ಹೊಸ ಮೈಕೆಂದೇ ಗುರುತಾಗುವುದರಿಂದ, ಆಡಿಯೊ ಪುಟದಲ್ಲಿ ಅದರ ಹೆಸರನ್ನು ಮತ್ತೊಮ್ಮೆ ಆರಿಸಿ. ಅನಂತರ ಕ್ಯಾಮೆರಾ ಮೂಲದ ಪ್ರಾಪರ್ಟೀಸ್‌ನಲ್ಲಿ ‘ವೀಡಿಯೊ ಫಾರ್ಮ್ಯಾಟ್’ ಎಂಜೆಪೆಗ್ ಆಗಿದೆಯೇ ನೋಡಿ. ಇಷ್ಟಾದರೂ ಸದ್ದು ನಿಲ್ಲದಿದ್ದರೆ 720ಪಿಗೆ ಇಳಿಸಿ ಹತ್ತು ನಿಮಿಷ ರೆಕಾರ್ಡ್ ಮಾಡಿ. ಆಗ ಸದ್ದು ಹೋದರೆ ಚಿತ್ರದ ಹೊರೆಯೇ ಕಾರಣ, ಆಗಲೂ ಉಳಿದರೆ ಬೇರೆ ಕೇಬಲ್ ಅಥವಾ ಬೇರೆ ಕಂಪ್ಯೂಟರಿನಲ್ಲಿ ಅದೇ ಪರೀಕ್ಷೆ ಮಾಡಿ ಫಲಿತಾಂಶವನ್ನು ನಮಗೆ ಬರೆಯಿರಿ.